ಮೀಸೆ ಕಾಣದ ಸೀಗಡಿ

ಬಾವಿಗಳಿಗೆ ಕಿವಿ ಇದ್ದ ಕಾಲದಲ್ಲಿ, ಯಾವುದೋ ಒಂದು ಊರಿನ ಬಾವಿಯೊಳಗೆ ಒಬ್ಬಳು ಸೀಗಡಿ ರಾಣಿ ಇದ್ದಳಂತೆ. ಅವಳಿಗೆ ಮೈಗಿಂತ ಉದ್ದದ ಮೀಸೆ. ಹೆಣ್ಣಿಗೆ ಮೀಸೆ ಯಾಕೆ ಎಂದು ಯಾರೂ ಕೇಳುವಂತಿರಲಿಲ್ಲ, ರಾಣಿಯಲ್ಲವೇ. ಆ ಮೀಸೆಯ ಚೆಂದವನ್ನು ಕಪ್ಪೆ ಹೊಗಳಿತು, ಆಮೆ ಹೊಗಳಿತು, ನೀರಿಗಿಳಿದ ಬಿಂದಿಗೆಗಳೂ ಗುಳುಗುಳು ಎಂದು ಹೊಗಳಿದವು. ಆದರೆ ಪಾಪ, ರಾಣಿ ಮಾತ್ರ ಅದನ್ನು ಒಂದು ಸಲವೂ ಕಂಡವಳಲ್ಲ. ಬಾವಿಯ ನೀರು ಅಷ್ಟು ಕದಡಿಹೋಗಿತ್ತು. ಒಂದು ದಿನ ಮುದುಕಿಯೊಬ್ಬಳ ಬಿಂದಿಗೆಯಲ್ಲಿ ಕೂತು ಮೇಲೆ ಬಂದ ರಾಣಿ ಗೋಳೋ ಎಂದು ಅತ್ತಳು. ಮುದುಕಿಯ ಕರುಳು ಚುರುಕ್ಕೆಂದಿತು. ಅವಳ ಮನೆಯಲ್ಲಿ ಚಿನ್ನವಿಲ್ಲ, ಬೆಳ್ಳಿಯಿಲ್ಲ, ಇದ್ದದ್ದು ಹಿತ್ತಿಲಿನ ಒಂದು ನುಗ್ಗೆಮರ. ಆದರೂ ಮಾತು ಕೊಟ್ಟೇಬಿಟ್ಟಳು: "ಅಳಬ್ಯಾಡ ಕಣವ್ವ. ನಿನ್ ಮೀಸೆ ನಿನ್ ಕಣ್ಗೇ ಕಾಣೋ ಅಂಗೆ ಮಾಡ್ಕೊಡ್ತೀನಿ."

ಆಮೇಲೇನಾಯಿತೋ ಧರಣಿಗೆ ಗೊತ್ತಿಲ್ಲ. ಅಶೋಕಪುರಂನ ಮನೆಯಲ್ಲಿ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಈ ಕತೆಯನ್ನು ಅವಳು ನೂರು ಸಲ ಕೇಳಿದ್ದಳು. ನೂರು ಸಲವೂ ಮುದುಕಿ ಮಾತು ಕೊಡುವ ಹೊತ್ತಿಗೆ ಸರಿಯಾಗಿ ನಿದ್ದೆ ಹೋಗಿದ್ದಳು. ಈಗ ಅವಳಿಗೆ ಇಪ್ಪತ್ತನಾಲ್ಕು. ಬೆಳಗಿನ ಹೊತ್ತು ಶಿಶುವಿಹಾರದಲ್ಲಿ ಮಕ್ಕಳಿಗೆ ಅ ಆ ಇ ಈ ಹೇಳಿಕೊಡುತ್ತಾಳೆ. ಮಿಕ್ಕ ಹೊತ್ತು ಕಿಟಕಿಯಾಚೆ ನೋಡುತ್ತಾ ಸಾರಿಗೆ ಎರಡು ಸಲ ಉಪ್ಪು ಹಾಕುತ್ತಾಳೆ. ಕತೆಯ ಕೊನೆ ಕೇಳಿದರೆ ಅಜ್ಜಿ ದೊಡ್ಡಮ್ಮ ಮುಖ ತಿರುಗಿಸುತ್ತಾಳೆ. ಹೆಸರೇ ದೊಡ್ಡಮ್ಮ, ನೆಂಟಸ್ತಿಕೆಯಲ್ಲಿ ಧರಣಿಯ ತಾಯಿಯ ತಾಯಿ. "ನಿದ್ದೆ ಮಾಡ್ದೋರ್ಗೆ ಕೊನೆ ಯಾಕೆ ಬೇಕು? ಹೋಗು, ಅಕ್ಕಿ ಆರ್ಸು" ಎನ್ನುತ್ತಾಳೆ.

ಅರ್ಧಕ್ಕೆ ನಿಲ್ಲುವುದು ಆ ಮನೆಯ ಜಾಯಮಾನವೇ ಆಗಿತ್ತು. ಧರಣಿಯ ಸೋದರಮಾವ ಸಿದ್ದೇಶ್ ಮೊಬೈಲ್ ರಿಪೇರಿ ಅಂಗಡಿ ಇಟ್ಟು ಅರ್ಧಕ್ಕೆ ಬಿಟ್ಟ. ಗೂಡ್ಸ್ ಆಟೊ ಓಡಿಸಿ ಬಿಟ್ಟ. ಅಜ್ಜಿಯ ಕೋಣೆಯಲ್ಲೇ ಅಣಬೆ ಬೆಳೆಯಲು ಹೋಗಿ ಬಿಟ್ಟ. ಇವತ್ತಿಗೂ ಮಳೆ ಬಂದರೆ ಮಂಚದ ಕಾಲಿನ ಹತ್ತಿರ ಒಂದೆರಡು ಅಣಬೆ ತಲೆಯೆತ್ತುತ್ತವೆ. ಕೊನೆಗೆ ಕೆಸರೆ ಬಡಾವಣೆಯಲ್ಲಿ ಗೆಳೆಯನೊಬ್ಬನ ಖಾಲಿ ಸೈಟಿನಲ್ಲಿ ಕಬ್ಬಿಣದ ಜಾಲರಿಗೆ ದಪ್ಪ ಟಾರ್ಪಾಲು ಕಟ್ಟಿ, ಹತ್ತು ಸಾವಿರ ಲೀಟರ್ ಹಿಡಿಯುವ ದುಂಡನೆಯ ತೊಟ್ಟಿ ಮಾಡಿ, ಸಿಹಿನೀರಿನ ಸೀಗಡಿ ಬಿಟ್ಟ. ಅಲ್ಲಿಂದಾಚೆಗೆ ಮಾವ ಮಾವನಾಗಿ ಉಳಿಯಲಿಲ್ಲ. ಐದಕ್ಕೇ ಏಳುತ್ತಾನೆ. ಹಲ್ಲುಜ್ಜುತ್ತಾ ಗುನುಗುತ್ತಾನೆ. ಊಟಕ್ಕೆ ಕೂತರೆ, "ಇವತ್ತು ನಾಲ್ಕು ಜನ ಪೊರೆ ಕಳಚವ್ರೆ ಅವ್ವಾ" ಎಂದು ನೆಂಟರ ಸುದ್ದಿ ಹೇಳುವಂತೆ ಹೇಳುತ್ತಾನೆ. ನಾಲ್ಕು ತಿಂಗಳಾಯಿತು, ಬಿಟ್ಟಿಲ್ಲ. ದೊಡ್ಡಮ್ಮ ಬಾಯಿಬಿಟ್ಟು ಏನೂ ಹೇಳದಿದ್ದರೂ, ಮಗ ಗುನುಗುವಾಗ ಒಲೆಯ ಮುಂದೆ ಸದ್ದಿಲ್ಲದೆ ನಿಂತು ಕೇಳುವುದನ್ನು ಧರಣಿ ನೋಡಿದ್ದಳು.

ಆ ಗುನುಗು ಒಂದು ಸೋಮವಾರ ನಿಂತುಹೋಯಿತು.

ಮಧ್ಯಾಹ್ನ ಅಜ್ಜಿಯೂ ಮೊಮ್ಮಗಳೂ ಬುತ್ತಿ ತೆಗೆದುಕೊಂಡು ಹೋದಾಗ ಸಿದ್ದೇಶ್ ತೊಟ್ಟಿಯ ಅಂಚಿಗೆ ಗದ್ದ ಊರಿ ನಿಂತಿದ್ದ. ನೀರು ಹೆಸರುಕಾಳಿನ ಗಂಜಿಯಂತಾಗಿತ್ತು. ಅವನ ಕೈಯಲ್ಲಿ ದಾರ ಕಟ್ಟಿದ ಒಂದು ಸ್ಟೀಲ್ ತಟ್ಟೆ. ದಿನವೂ ಅದರಲ್ಲಿ ಮೇವಿಟ್ಟು ಇಳಿಸಿ, ಎಷ್ಟು ತಿಂದವು ಎಂದು ಎತ್ತಿ ನೋಡುವುದು ಅವನ ಪದ್ಧತಿ.

"ನೋಡೇ ಧರು, ಒಂದು ಗೇಣು ಇಳ್ಸೋದ್ರೊಳಗೆ ತಟ್ಟೆ ಮಾಯ. ಒಂದು ಮೊಳದ ಆಳದಲ್ಲಾದ್ರೂ ಕಾಣ್ಬೇಕು ಅಂತ ಟ್ರೈನಿಂಗಲ್ಲಿ ಹೇಳಿದ್ರು. ಮಿಕ್ಕಿದ ಮೇವು, ಅವುಗಳ ಹೇಲು, ಎಲ್ಲ ಸೇರಿ ಈ ಥರ ಆಗದೆ. ಕಿವಿರಿಗೆ ಮಣ್ಣು ತುಂಬ್ಕಂಡ್ರೆ ಉಸಿರು ಎಂಗಾಡಬೇಕು?"

"ನೀರು ಬದಲಾಯ್ಸು ಮಾವ."

"ಬೋರಲ್ಲಿ ದಿನಕ್ಕೆ ನಾಲ್ಕು ಬಕೀಟು ಬಂದ್ರೆ ಹೆಚ್ಚು. ನಲ್ಲಿ ನೀರಿಗೆ ಔಷಧಿ ಹಾಕಿರ್ತಾರೆ, ಅದನ್ನ ಬಿಟ್ರೆ ಇವತ್ತೇ ತಿಥಿ." ಅವನು ತಟ್ಟೆ ಎತ್ತಿದ. "ಭಾನುವಾರದ ತನಕ ನೋಡ್ತೀನಿ. ಅಷ್ಟೊತ್ತಿಗೂ ಹಿಂಗೇ ಇದ್ರೆ ನೀರು ಬಿಟ್ಟು ಟಾರ್ಪಾಲು ಸುತ್ತಿಡ್ತೀನಿ. ಸಾಯೋದನ್ನ ನೋಡ್ತಾ ಕೂರೋಕೆ ನನ್ ಕೈಲಾಗಲ್ಲ."

ದೊಡ್ಡಮ್ಮ ಅಷ್ಟು ಹೊತ್ತೂ ತಟ್ಟೆಯನ್ನೇ ನೋಡುತ್ತಿದ್ದಳು. ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ: ದೊಡ್ಡಮ್ಮ.

"ಅಯ್ಯೋ ನಿನ್ ಮನೆ ಕಾಯ್ವಾಗ! ನಾನು ಮೂರ್ ತಿಂಗ್ಳಿಂದ ಹುಡುಕ್ತಿದ್ರೆ, ನನ್ ತಟ್ಟೆಗೆ ತೂತು ಕೊರ್ದು ಸೀಗಡಿಗೆ ಎಡೆ ಇಕ್ತಿದ್ಯಾ?"

ಸಿದ್ದೇಶ್‌ಗೆ ನಗು ಬರಲಿಲ್ಲ. ಅದೇ ಧರಣಿಯನ್ನು ಹೆದರಿಸಿದ್ದು. ಅವಳು ಬಗ್ಗಿ ನೀರಿನೊಳಗೆ ನೋಡಿದಳು. ಮಂದ ನೀರಿನಿಂದ ಒಂದೇ ಒಂದು ನವಿರಾದ ಮೀಸೆ ಮೇಲೆ ಬಂದು, ಗಾಳಿಯನ್ನು ತಡವಿ, ಮತ್ತೆ ಮುಳುಗಿತು. ಅವಳ ಬಾಯಿಂದ ಮಾತು ತಾನಾಗಿಯೇ ಹೊರಟಿತು.

"ಭಾನುವಾರ ತಟ್ಟೆ ಕಾಣತ್ತೆ ಮಾವ. ನಾನು ಮಾಡ್ಕೊಡ್ತೀನಿ."

"ಏನ್ಮಾಡ್ತೀಯ? ನೀರಿಗೆ ಅ ಆ ಇ ಈ ಹೇಳ್ಕೊಡ್ತೀಯಾ?"

"ನುಗ್ಗೆ ಬೀಜ ಹಾಕ್ತೀನಿ. ಅಜ್ಜಿ ಕೊಡದಲ್ಲಿ ನೀರು ತಿಳಿ ಮಾಡ್ತಿರ್ಲಿಲ್ವಾ?"

ಅದು ನಿಜ. ದೊಡ್ಡಮ್ಮ ಮದುವೆಯಾಗಿ ಹೋದ ಹಳ್ಳಿಯಲ್ಲಿ ಕೆರೆಯ ನೀರೇ ಗತಿ. ಒಣಗಿದ ನುಗ್ಗೆ ಬೀಜ ಎರಡನ್ನು ಜಜ್ಜಿ, ಕೊಡದೊಳಗೆ ಹಾಕಿ ಕಲಕಿ, ಅಲುಗಿಸದೆ ಬಿಟ್ಟರೆ ಮಣ್ಣೆಲ್ಲ ಹತ್ತಿಯಂತೆ ಗಂಟುಕಟ್ಟಿ ತಳಕ್ಕಿಳಿಯುತ್ತಿತ್ತು. ಮೇಲೆ ಕನ್ನಡಿಯಂಥ ನೀರು.

ಮರುದಿನ ಶಿಶುವಿಹಾರ ಬಿಟ್ಟ ಕೂಡಲೇ ಧರಣಿ ಗೋಣಿಚೀಲ ಹಿಡಿದು ಬೀದಿ ಬೀದಿ ತಿರುಗಿದಳು. ಮರದಲ್ಲೇ ಒಣಗಿ ಸಿಡಿದ, ಯಾರೂ ಸಾರಿಗೆ ಹಾಕದ ಕಾಯಿಗಳೇ ಅವಳಿಗೆ ಬೇಕು. "ಎಳೇದು ಕೊಡ್ತೀನಿ ಅಂದ್ರೂ ಬೇಡ್ವಂತೆ, ಸತ್ತಿದ್ದೇ ಬೇಕಂತೆ" ಎಂದು ಎದುರುಮನೆಯ ಪುಟ್ಟಲಿಂಗಮ್ಮ ನಕ್ಕು, ತಮ್ಮ ಮರದ್ದೆಲ್ಲ ಜಗ್ಗಿ ಕೊಟ್ಟಳು. ಗಂಟೆಯೊಳಗೆ ಚೀಲ ತುಂಬಿತು. ಅಜ್ಜಿ ಒರಳಿನ ಮುಂದೆ ಕೂತು ಎರಡು ಸೇರು ಬೀಜವನ್ನು ನುಣ್ಣಗೆ ರುಬ್ಬಿದಳು. ಸಿದ್ದೇಶ್ ಮೇವು ತರಲು ಹೋಗಿದ್ದ ಹೊತ್ತು ನೋಡಿ ಇಬ್ಬರೂ ಆ ಹಿಟ್ಟನ್ನೆಲ್ಲ ತೊಟ್ಟಿಗೆ ಸುರಿದು ಬಿದಿರುಗಳುವಿನಲ್ಲಿ ಕಲಕಿದರು.

"ಈಗ ಅಲುಗಾಡಬಾರ್ದು ನೀರು" ಎಂದಳು ಅಜ್ಜಿ.

ತೊಟ್ಟಿಯ ನಡುವೆ ಗಾಳಿಯ ಪಂಪು ಬುಳುಬುಳು ಗುಳ್ಳೆ ಎಬ್ಬಿಸುತ್ತಿತ್ತು. ಧರಣಿ ಅದರ ಸ್ವಿಚ್ ಆರಿಸಿದಳು. ಇಬ್ಬರೂ ಬೇವಿನ ನೆರಳಿನಲ್ಲಿ ಕೂತರು. ಅಜ್ಜಿ ಎಲೆ ಅಡಿಕೆ ಹಾಕಿಕೊಂಡಳು. ಧರಣಿ, ಕಿರೀಟ ಇಟ್ಟ ಸೀಗಡಿಯೊಂದು ಕನ್ನಡಿ ನೋಡಿ ಮೀಸೆ ತಿರುವುವುದನ್ನು ಮನಸ್ಸಿನಲ್ಲೇ ಕಾಣುತ್ತಾ ಒಂದು ಗಂಟೆ ಕಳೆದಳು.

ಸಿದ್ದೇಶ್‌ನ ಕೂಗಿಗೇ ಅವಳು ಎದ್ದದ್ದು.

ಸೀಗಡಿಗಳೆಲ್ಲ ಮೇಲೆ ಬಂದು ಟಾರ್ಪಾಲಿನ ಗೋಡೆಗೆ ಸಾಲಾಗಿ ಅಂಟಿಕೊಂಡಿದ್ದವು. ನೂರಾರು ಮೀಸೆಗಳು ನೀರಿನ ಮೇಲೆ ನಡುಗುತ್ತಿದ್ದವು. ನೀರಿನ ಮೈಮೇಲೆ ಎಣ್ಣೆಯ ತೆಳುವಾದ ಪೊರೆ ಬಣ್ಣಬಣ್ಣವಾಗಿ ಹೊಳೆಯುತ್ತಿತ್ತು. ಕೆಲವು ಆಗಲೇ ಮಗ್ಗುಲಾಗಿ ತೇಲುತ್ತಿದ್ದವು.

"ಪಂಪು ಯಾರೇ ಆರ್ಸಿದ್ದು!" ಸಿದ್ದೇಶ್ ಓಡಿ ಸ್ವಿಚ್ ಹಾಕಿದ. "ಗಾಳಿ ಇಲ್ದೆ ಅವು ಎಂಗೆ ಬದುಕ್ತವೆ? ನಿನಗೆ ಬುದ್ಧಿ ಬೇಡ್ವಾ ಧರು?"

ಧರಣಿ ತೊಟ್ಟಿಯ ಅಂಚಿಗೆ ಓಡಿ ಬಂದಳು. "ಮಾವ, ನೀರು ತಿಳಿಯಾಗ್ಲಿ ಅಂತ..."

"ನಿನ್ ಕನಸು ಕತೆ ಎಲ್ಲ ಮನೇಲಿಟ್ಕೋ. ಇವಕ್ಕೆ ಜೀವ ಇದೆ."

ಬೈಗುಳಕ್ಕಿಂತ, ಅವನು ಸತ್ತವನ್ನು ಒಂದೊಂದಾಗಿ ಎತ್ತಿ ಅಂಗೈಯಲ್ಲಿ ಮಲಗಿಸುತ್ತಿದ್ದ ರೀತಿ ಅವಳನ್ನು ಹೆಚ್ಚು ಅಳಿಸಿತು. ಹನ್ನೊಂದು. ಮಿಕ್ಕವು ಗುಳ್ಳೆಯೆದ್ದ ಮೇಲೆ ಮೆಲ್ಲಗೆ ಒಳಗಿಳಿದವು. ನೀರು ಮಾತ್ರ ಮೊದಲಿಗಿಂತ ಕದಡಿತ್ತು.

ಮನೆಗೆ ಬಂದು ಧರಣಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಬೆಳಕಿರುವಾಗಲೇ ಮಲಗಿದ ಮೊಮ್ಮಗಳ ಪಕ್ಕ ದೊಡ್ಡಮ್ಮ ಬಂದು ಕೂತು, ಅವಳ ತಲೆಯನ್ನು ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡಳು.

"ತಪ್ಪು ನಂದು ಕಣ್ ಮಗ. ಅಲುಗಾಡಬಾರ್ದು ಅಂದೋಳು ನಾನಲ್ವಾ."

"ಆ ಮುದುಕಿ ಹೆಂಗೆ ಮಾಡಿದ್ಲು ಅಜ್ಜಿ? ಈಗಲಾದ್ರೂ ಹೇಳು. ನಿದ್ದೆ ಮಾಡಲ್ಲ, ಆಣೆ."

ಅಜ್ಜಿ ಕಳ್ಳತನ ಒಪ್ಪಿಕೊಳ್ಳುವವರ ದನಿಯಲ್ಲಿ, "ನಂಗೂ ಗೊತ್ತಿಲ್ಲ ಕಣೇ" ಎಂದಳು. "ನಮ್ಮವ್ವ ಹೇಳೋವಾಗ ನಾನೂ ಅಲ್ಗೇ ನಿದ್ದೆ ಹೋಗ್ಬುಡ್ತಿದ್ದೆ."

ಧರಣಿ ಎದ್ದು ಕೂತಳು. ಅಜ್ಜಿಯ ಮುಖ ನೋಡಿದಳು. ಅಳುವಿನ ನಡುವೆಯೇ ಅವಳಿಗೆ ನಗು ಒತ್ತರಿಸಿ ಬಂತು, ಅಜ್ಜಿಗೂ ಬಂತು. ಬೊಚ್ಚುಬಾಯಿ ತೆರೆದು ಅವಳು ನಕ್ಕ ರಭಸಕ್ಕೆ ಎಲೆ ಅಡಿಕೆಯ ಚೀಲ ಜಾರಿ ಬಿತ್ತು.

ನಕ್ಕು ಮುಗಿದ ಮೇಲೆ ದೊಡ್ಡಮ್ಮ ಎದ್ದು, ಮೂಲೆಯ ಹಳೆಯ ಮಣ್ಣಿನ ಕೊಡಕ್ಕೆ ನೀರು ಹಾಕಿ, ಒಂದು ಹಿಡಿ ಮಣ್ಣು ಕಲಸಿ, ಎರಡು ಬೀಜ ಜಜ್ಜಿ ಹಾಕಿದಳು. ಅದು ತಿಳಿಯಾಗುವವರೆಗೆ ಇಬ್ಬರೂ ಎದುರು ಬದುರು ಕೂತರು. ಧರಣಿ ಒಂದು ಲೋಟ ಅದ್ದಿ ಮೇಲಿನ ನೀರು ತೆಗೆದಳು. ತಿಳಿ. ಕೊಡವನ್ನು ಬಗ್ಗಿಸಿ ತಳ ನೋಡಿದಳು. ಅಲ್ಲಿ ಬೂದು ಬಣ್ಣದ ಲೋಳೆ, ಬೀಜದ ಹಿಪ್ಪೆ, ಮಣ್ಣು.

ಅವಳು ಹಾಗೇ ಬಗ್ಗಿಕೊಂಡೇ ಇದ್ದಳು.

"ಅಜ್ಜಿ, ನಾವು ಕೊಡದ ಮೇಲಿಂದ ಕುಡಿಯೋರು. ತಳದಲ್ಲಿ ಏನಿದ್ರೂ ನಮಗೇನಾಗ್ಬೇಕು?"

"ಚೆಲ್ಬುಡೋದು."

"ಸೀಗಡಿ ಇರೋದು ತಳದಲ್ಲಿ."

ದೊಡ್ಡಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ ಕರ್ಮವೇ. ಊರ್ ಕಸ ಎಲ್ಲ ಗುಡ್ಸಿ ಅವುಗಳ ನಡುಮನೇಲೇ ಸುರಿದ್ವಲ್ಲೇ!"

"ಅದಕ್ಕೆ ನೀರನ್ನ ಹೊರಗೆ ತೆಗೀಬೇಕು. ಡ್ರಮ್ಮಲ್ಲಿ ತಿಳಿ ಮಾಡಿ, ಮೇಲಿನ ನೀರು ಮಾತ್ರ ವಾಪಸ್ ಬಿಡ್ಬೇಕು. ಆಗ ಪಂಪು ಆರ್ಸೋದೂ ಬೇಡ." ಧರಣಿಯ ಕಣ್ಣು ಅರಳಿತ್ತು. "ಆದ್ರೆ ಎಣ್ಣೆ?"

"ಎರಡು ಬೀಜಕ್ಕೆ ಎಣ್ಣೆ ಗೊತ್ತಾಗಲ್ಲ, ಎರಡು ಸೇರಿಗೆ ಮುಚ್ಚಳ ಹಾಕ್ದಂಗೆ ಕೂತದೆ. ಎಣ್ಣೆ ತೆಗಿಯೋಕೆ ಗಾಣ ಐತಲ್ಲ."

ಬುಧವಾರ ಇಬ್ಬರೂ ಮಿಕ್ಕ ಬೀಜದ ಚೀಲ ಹೊತ್ತು ಲಷ್ಕರ್ ಮೊಹಲ್ಲಾದ ಷಡಕ್ಷರಿಯವರ ಎಣ್ಣೆ ಗಾಣದ ಮುಂದೆ ನಿಂತಿದ್ದರು. ಷಡಕ್ಷರಿ ಹಣೆ ತುಂಬ ವಿಭೂತಿ ಧರಿಸಿದ, ಎಣ್ಣೆಗಿಂತ ಮೆತ್ತಗೆ ಮಾತಾಡುವ ಮನುಷ್ಯ. ದೊಡ್ಡಮ್ಮ ಮೂವತ್ತು ವರ್ಷದಿಂದ ಅವರಲ್ಲೇ ಹುಚ್ಚೆಳ್ಳೆಣ್ಣೆ ಕೊಳ್ಳುವವಳು. ಚೀಲ ಬಿಚ್ಚಿ ನೋಡಿ ಅವರು ಬಹಳ ಸಂತೋಷಪಟ್ಟರು.

"ನುಗ್ಗೆ ಬೀಜ! ಕೀಲುನೋವಿಗೆ ಬಹಳ ಒಳ್ಳೇದು ಕಣಮ್ಮ. ನಿಮ್ಮ ಮಂಡಿಗಾ?"

"ಅಲ್ಲ ಯಜಮಾನ್ರೇ, ಎಣ್ಣೆ ನೀವೇ ಇಟ್ಕೊಳ್ಳಿ. ನಮಗೆ ಹಿಂಡಿ ಸಾಕು. ಸೀಗಡಿ ತೊಟ್ಟಿಗೆ."

ಷಡಕ್ಷರಿ ಚೀಲದಿಂದ ಕೈ ತೆಗೆದರು. "ಶಿವ ಶಿವಾ! ನಮ್ಮಜ್ಜ ಪೂಜೆ ಮಾಡಿ ಕೂರಿಸಿದ ಗಾಣ ಇದು. ಇದರಲ್ಲಿ ಸೀಗಡಿ ಮಸಾಲೆ ಅರೀಬೇಕಾ?"

"ಮಸಾಲೆ ಅಲ್ಲ ಸಾರ್" ಎಂದಳು ಧರಣಿ. "ಅವಕ್ಕೆ ಉಸಿರಾಡೋಕೆ ಆಗ್ತಿಲ್ಲ. ನೀರು ತಿಳಿ ಮಾಡೋಕೆ."

ಅವರು ಗಾಣವನ್ನು ನೋಡಿದರು, ಚೀಲವನ್ನು ನೋಡಿದರು. "ಅಂದ್ರೆ ಅವು ಬದುಕೋದಕ್ಕೆ. ಸಾಯೋದಕ್ಕಲ್ಲ."

ಧರಣಿಗೆ ಸುಳ್ಳು ಹೇಳಲು ಬರುವುದಿಲ್ಲ. "ಸದ್ಯಕ್ಕೆ ಬದುಕೋದಕ್ಕೆ ಸಾರ್."

ಷಡಕ್ಷರಿಯವರ ಮೀಸೆಯ ಅಂಚು ಅದುರಿತು. "ಆ ಸದ್ಯ ಮುಗಿದ ಮೇಲೆ ಏನಾಗತ್ತೆ ಅಂತ ನನಗೆ ಹೇಳ್ಬೇಡಿ ತಾಯಿ" ಎಂದು ಚೀಲವನ್ನು ತಾವೇ ಎತ್ತಿಕೊಂಡರು. ಸಿಪ್ಪೆ ತೆಗೆಯದೆ ತಂದದ್ದಕ್ಕೆ ಗೊಣಗುತ್ತಲೇ ಮೊರ ಹಿಡಿದು ಕೇರಿ, ಗಾಣಕ್ಕೆ ಸುರಿದರು. ಎಣ್ಣೆಯನ್ನು ಒಂದು ಸೀಸೆಗೆ ಹಾಕಿ, "ಮಂಡಿಗೆ ಹಚ್ಚಿಕೊಳ್ಳಿ" ಎಂದು ದೊಡ್ಡಮ್ಮನ ಕೈಗೇ ಇತ್ತರು.

ಆ ಹಿಂಡಿಯನ್ನು ಪುಡಿ ಮಾಡಿ ನೀರಿನಲ್ಲಿ ನೆನೆಹಾಕಿ, ಅಜ್ಜಿಯ ಹಳೆಯ ವಾಯಲ್ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿದರು. ಹಿಪ್ಪೆ ಮೇಲುಳಿಯಿತು. ಕೆಳಗೆ ಬಂದದ್ದು ಅಕ್ಕಿ ತೊಳೆದ ನೀರಿನಂಥ ರಸ.

ಗುರುವಾರ ಮಧ್ಯಾಹ್ನ ಕೆಸರೆಗೆ ಹೋದಾಗ ಸಿದ್ದೇಶ್ ತೊಟ್ಟಿಗೆ ಅಡ್ಡ ನಿಂತ. "ಇದರೊಳಕ್ಕೆ ಒಂದು ಹನಿ ಬೀಳ್ಬಾರ್ದು."

"ಬೀಳ್ಸಲ್ಲ ಮಾವ. ನಿನ್ನ ಮೂರು ನೀಲಿ ಡ್ರಮ್ಮು ಕೊಡು ಸಾಕು."

ಪೈಪಿನಿಂದ ತೊಟ್ಟಿಯ ತಳದ ಕೊಳೆ ನೀರನ್ನು ಎಳೆದು ಡ್ರಮ್ಮಿಗೆ ತುಂಬುವುದು. ಒಂದು ಚೊಂಬು ರಸ ಹಾಕುವುದು. ಕಲಕುವುದಕ್ಕೆ ದೊಡ್ಡಮ್ಮನದೇ ಲೆಕ್ಕ. "ಮೊದ್ಲು ಮಜ್ಜಿಗೆ ಕಡ್ದಂಗೆ ಜೋರಾಗಿ. ಸಾಕು, ಸಾಕು! ಈಗ ತೊಟ್ಲು ತೂಗ್ದಂಗೆ ಮೆತ್ತಗೆ. ಇನ್ನೂ ಮೆತ್ತಗೆ. ಕೂಸು ಮಲಗದೆ ಅನ್ಕೋ." ಜೋರಾಗಿ ಕಲಕಿದಾಗ ರಸ ಎಲ್ಲ ಕಡೆಗೂ ಹರಡುತ್ತಿತ್ತು, ಮೆತ್ತಗೆ ತೂಗಿದಾಗ ಕೊಳೆ ಒಂದಕ್ಕೊಂದು ಅಂಟಿ ಹೂವಿನಂತೆ ದಪ್ಪವಾಗುತ್ತಿತ್ತು. ಆಮೇಲೆ ಒಂದು ಗಂಟೆ ಸುಮ್ಮನೆ ಬಿಡುವುದು. ಮೇಲಿನ ತಿಳಿಯನ್ನು ಮಾತ್ರ ಮಗ್ಗಿನಿಂದ ಎತ್ತಿ ತೊಟ್ಟಿಗೆ ಬಿಡುವುದು. ತಳದ ಗಷ್ಟು ಬೇವಿನ ಬುಡಕ್ಕೆ.

ಮೊದಲ ಡ್ರಮ್ಮಿನ ತಿಳಿಯನ್ನು ತೊಟ್ಟಿಗೆ ಸೇರಿಸುವ ಮುನ್ನ ಧರಣಿ ಅದನ್ನು ಒಂದು ಬಕೀಟಿಗೆ ಹಾಕಿ, ಎರಡೇ ಎರಡು ಸೀಗಡಿ ಕೇಳಿದಳು. "ಇವು ಚೆನ್ನಾಗಿದ್ರೆ ಮಾತ್ರ ಬಿಡೋಣ ಮಾವ." ಸಿದ್ದೇಶ್ ಬಲೆ ಹಾಕಿ ಎರಡು ಕೊಟ್ಟ, ತಾನೇ ಒಂದು ಗಾಳಿಯ ಕೊಳವೆ ಎಳೆದು ತಂದು ಬಕೀಟಿಗಿಟ್ಟ. ಶುಕ್ರವಾರ ಬೆಳಗ್ಗೆ ಬಂದು ನೋಡಿದರೆ ಎರಡೂ ಬಕೀಟಿನ ತಳದಲ್ಲಿ ಜಗಳವಾಡುತ್ತಿದ್ದವು.

"ಜಗಳ ಆಡ್ತವೆ ಅಂದ್ರೆ ಆರೋಗ್ಯವಾಗವೆ" ಎಂದಳು ದೊಡ್ಡಮ್ಮ, ಮಗನ ಕಡೆ ನೋಡುತ್ತಾ. "ನಮ್ಮನೇಲೂ ಅಂಗೇ."

ಶುಕ್ರವಾರ ಧರಣಿ ಶಿಶುವಿಹಾರಕ್ಕೆ ರಜೆ ಹೇಳಿ ಒಬ್ಬಳೇ ಡ್ರಮ್ಮು ತುಂಬಿಸಿದಳು, ಒಬ್ಬಳೇ ಎತ್ತಿ ಬಿಟ್ಟಳು. ಅಂಗೈಗೆ ಬೊಬ್ಬೆ ಬಂತು. ಕನಸು ಕಾಣಲು ಪುರುಸೊತ್ತೇ ಇಲ್ಲ. ಹದಿನೈದು ಡ್ರಮ್ಮು. ಶನಿವಾರ ಬೆಳಗ್ಗೆ ಅವಳು ಪೈಪಿಗೆ ಕೈ ಹಾಕುವಷ್ಟರಲ್ಲಿ ಅದು ಅಲ್ಲಿರಲಿಲ್ಲ. ಸಿದ್ದೇಶ್ ಆಗಲೇ ಮೊದಲ ಡ್ರಮ್ಮು ತುಂಬಿಸಿ, ಕೋಲು ಹಿಡಿದು ನಿಂತಿದ್ದ.

"ತೊಟ್ಲು ತೂಗೋದು ಎಂಗೆ, ಒಂಚೂರು ತೋರ್ಸು" ಎಂದ, ಅವಳ ಮುಖ ನೋಡದೆ.

ಅವಳು ಕೋಲಿನ ಮೇಲೆ ಅವನ ಕೈಯ ಪಕ್ಕ ತನ್ನ ಕೈಯಿಟ್ಟಳು. ತೂಗುತ್ತಲೇ ಅವನು, "ಬೈದ್ಬುಟ್ಟೆ ಅವತ್ತು" ಎಂದ. "ಬೈಸ್ಕೊಂಡೆ ನಾನು" ಎಂದಳು ಅವಳು. ಅಲ್ಲಿಗೆ ಅದು ಮುಗಿಯಿತು. ಅಂದು ಸಂಜೆಗೆ ಇಬ್ಬರೂ ಸೇರಿ ಇಪ್ಪತ್ತೇಳು ಡ್ರಮ್ಮು ತಿಳಿ ಮಾಡಿದ್ದರು. ಸಿದ್ದೇಶ್ ಪುಟ್ಟ ಗಾಜಿನ ನಳಿಕೆಯಲ್ಲಿ ನೀರು ಹಿಡಿದು ಪರೀಕ್ಷೆಯ ಹನಿ ಹಾಕಿದ. ನಾಲ್ಕು ದಿನದ ಹಿಂದೆ ಕೊಳೆಯ ವಿಷಕ್ಕೆ ಕಡುಹಸಿರಾಗುತ್ತಿದ್ದ ನೀರು ತೆಳು ಹಳದಿಗೆ ಬಂದು ನಿಂತಿತು. ಅವನು ಅದನ್ನು ಬಿಸಿಲಿಗೆ ಹಿಡಿದು ಎಷ್ಟೋ ಹೊತ್ತು ನೋಡಿದ. ತಟ್ಟೆಯನ್ನು ಮಾತ್ರ ಇಳಿಸಲಿಲ್ಲ. ಭಾನುವಾರ ಎಂದರೆ ಭಾನುವಾರವೇ.

ಭಾನುವಾರ ಬಿಸಿಲೇರುವ ಹೊತ್ತಿಗೆ ದೊಡ್ಡಮ್ಮ ಮಡಿಸೀರೆಯುಟ್ಟು ಆಟೊದಿಂದಿಳಿದಳು. ಮಗಳ ಮದುವೆಗೂ ಅವಳು ಅಷ್ಟು ಬೇಗ ತಯಾರಾಗಿರಲಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿದ ತಟ್ಟೆಯನ್ನು ಸೆರಗಿನಡಿಯಿಂದ ತೆಗೆದಳು. ಹಿಂದಿನ ದಿನ ಅದನ್ನು ಮನೆಗೆ ಒಯ್ದಿದ್ದಳು. ಬಿಸಿಲಿಗೆ ಅದು ಕಣ್ಣು ಕುಕ್ಕುತ್ತಿತ್ತು.

"ತೂತು ಬಿದ್ರೂ ತಟ್ಟೆ ನಂದೇ. ಹೊಲಸಾಗಿ ಇಳಿಸ್ಬಾರ್ದು" ಎಂದಳು.

ಸಿದ್ದೇಶ್ ದಾರ ಕಟ್ಟಿದ. ದಾರಕ್ಕೆ ಮೊಳದ ಗುರುತು ಹಾಕಬೇಕು. ದೊಡ್ಡಮ್ಮ ತನ್ನ ಮೊಳಕೈ ಚಾಚಿದಳು.

"ಅವ್ವ, ನಿನ್ನ ಕೈ ಗೇಣುದ್ದ ಐತೆ. ಮೋಸ ಬೇಡ. ನನ್ನ ಮೊಳ."

"ಆಯ್ತು ಬುಡಪ್ಪ, ಧರ್ಮರಾಯ."

ಸಿದ್ದೇಶ್ ಮೊಳಕೈಯಿಂದ ನಡುಬೆರಳ ತುದಿಯವರೆಗೆ ಅಳೆದು ಗಂಟು ಹಾಕಿದ. ತಟ್ಟೆಯಲ್ಲಿ ಒಂದು ಚಿಟಿಕೆ ಮೇವಿಟ್ಟ. ಇಳಿಸಲು ಹೋದವನು ಅಲ್ಲೇ ನಿಂತು, ದಾರವನ್ನು ಧರಣಿಯ ಕೈಗೆ ಕೊಟ್ಟ. "ಮಾತು ಕೊಟ್ಟೋಳು ನೀನು."

ಅವಳ ಬೊಬ್ಬೆಯೆದ್ದ ಅಂಗೈ ದಾರ ತಾಗಿ ಉರಿಯಿತು. ತಟ್ಟೆ ನೀರು ಮುಟ್ಟಿತು, ಮುಳುಗಿತು. ಒಂದು ಗೇಣು. ಕಾಣುತ್ತಿತ್ತು. ತಟ್ಟೆಯ ಹೊಳಪು ಸ್ವಲ್ಪ ಮಂಕಾಯಿತು, ಜೇನಿನ ಬಣ್ಣಕ್ಕೆ ತಿರುಗಿತು, ಆದರೆ ಮಾಯವಾಗಲಿಲ್ಲ. ಇನ್ನೂ ಇಳಿಸಿದಳು. ಬೆರಳಿಗೆ ಗಂಟು ಸಿಕ್ಕಿತು.

ತಟ್ಟೆ ಒಂದು ಮೊಳದ ಆಳದಲ್ಲಿ, ಸಣ್ಣಗೆ ತೂಗಾಡುತ್ತಾ, ಹುಣ್ಣಿಮೆಯಂತೆ ಇತ್ತು.

"ಕಾಣ್ತದಾ?" ಎಂದಳು ದೊಡ್ಡಮ್ಮ, ಕಣ್ಣು ಕಿರಿದು ಮಾಡಿ. "ನನ್ ಕಣ್ಗೆ ಮಂಜು. ಹೇಳ್ರೋ, ಕಾಣ್ತದಾ?"

ಸಿದ್ದೇಶ್ ಅಂಚಿಗೆ ಗದ್ದವೂರಿ ಬಗ್ಗಿದ್ದ. ಮೂಗಿನಿಂದಲೋ ಗಂಟಲಿನಿಂದಲೋ ಎಂದು ಹೇಳಲಾಗದ ಒಂದು ಸಣ್ಣ ಗುನುಗು ಅವನಿಂದ ಹೊರಟಿತು. ದೊಡ್ಡಮ್ಮ ತಲೆ ಓರೆ ಮಾಡಿ ಅದನ್ನು ಕೇಳಿದಳು. ಮತ್ತೆ ಪ್ರಶ್ನೆ ಕೇಳಲಿಲ್ಲ.

ಧರಣಿ ಮಾತ್ರ ದಾರ ಎತ್ತಲಿಲ್ಲ. ಅವಳು ಮಾತು ಕೊಟ್ಟದ್ದು ಮಾವನಿಗಷ್ಟೇ ಅಲ್ಲ, ಸೋಮವಾರ ಗಾಳಿಯನ್ನು ತಡವಿದ ಆ ಮೀಸೆಗೂ.

ತಳದ ಮಬ್ಬಿನಿಂದ ಒಂದು ಸೀಗಡಿ ಮೇಲೆದ್ದಿತು. ಮೇವಿನ ವಾಸನೆ ಹಿಡಿದು ತಟ್ಟೆಯ ಅಂಚು ಹತ್ತಿತು, 'ದೊಡ್ಡಮ್ಮ' ಎಂಬ ಚುಕ್ಕಿಗಳ ಮೇಲೆ ನಡೆದು ನಡುವಿಗೆ ಬಂತು. ಮೇವು ಮುಟ್ಟಲಿಲ್ಲ. ನಿಂತಿತು. ತಿಕ್ಕಿ ಬೆಳಗಿದ ಸ್ಟೀಲಿನೊಳಗಿಂದ ಇನ್ನೊಂದು ಸೀಗಡಿ ಅದನ್ನು ನೋಡುತ್ತಿತ್ತು. ತಟ್ಟೆಯ ಮೇಲಿನದು ಮೆಲ್ಲಗೆ, ಬಹಳ ಮೆಲ್ಲಗೆ, ತನ್ನ ಉದ್ದನೆಯ ಮೀಸೆಯನ್ನು ಕೆಳಗೆ ಬಾಗಿಸಿತು. ಒಳಗಿನ ಮೀಸೆ ಮೇಲೆ ಬಂತು. ಎರಡರ ತುದಿಗಳೂ ಒಂದನ್ನೊಂದು ಮುಟ್ಟಿದವು.